ಮುಂದಿನ ಚಕ್ರದ ಕಲ್ಲು

ತಾವರೆಕೆರೆ ದಾಟಿ ಎಡಕ್ಕೆ ಹೊರಳಿ
ಟಾರು ಮುಗಿದು, ಜಲ್ಲಿ ಮುಗಿದು,
ಹೆಸರಿಲ್ಲದ ಬಯಲಿನಲ್ಲಿ ಆರು ಗಾಡಿ ನಿಂತವು.
ನನ್ನದು ಹಳೆಯ ಟೆಂಪೋ ಟ್ರಾವೆಲರ್.
ಕಲಾಸಿಪಾಳ್ಯದ ಅಸ್ಗರ್ ಸಾಬರು ಸೀಟು ಕಿತ್ತು
ಎರಡು ಮಂಚ, ಒಂದು ಒಲೆ, ನಲವತ್ತು ಲೀಟರಿನ ಕ್ಯಾನು ಕೂರಿಸಿ
"ಮನೇನೇ ಮಾಡಿ ಕೊಟ್ಟಿದೀನಮ್ಮಾ,
ಗೋಡೆ ಮಾತ್ರ ಅಲ್ಲಾಡ್ತದೆ" ಅಂದಿದ್ದರು.

ಇಳಿಜಾರು. ಮಲಗಿದರೆ ಕಾಲು ಮೇಲೆ, ತಲೆ ಕೆಳಗೆ.
ಲೋಟದ ನೀರು ನೋಡಿ ಮಟ್ಟ ಹಿಡಿಯುವುದು ನಮ್ಮ ಸಂಘದ ಪದ್ಧತಿ:
"ಇನ್ನೊಂಚೂರು ಮುಂದೆ... ಸಾಕು, ಸಾಕು, ಅಯ್ಯೋ ಚೆಲ್ಲಿತು."
ಪಿಳ್ಳಪ್ಪ ಕತ್ತಲಲ್ಲಿ ತಡವಿ ಒಂದು ಕಲ್ಲು ತಂದು
ಮುಂದಿನ ಚಕ್ರದಡಿ ತಳ್ಳಿದ.
ಲೋಟ ಸುಮ್ಮನಾಯಿತು.

ಇಲ್ಲಿ ಎಲ್ಲಕ್ಕೂ ಲೆಕ್ಕ. ತಲೆಗೆ ದಿನಕ್ಕೆ ಎಂಟು ಚೊಂಬು.
ಅಕ್ಕಿ ತೊಳೆದ ನೀರಲ್ಲೇ ತಟ್ಟೆ ಅದ್ದಿ ತೆಗೆಯುವ ಫಿಲೋಮಿನಾ
ಊರಲ್ಲಿ ಟ್ಯಾಂಕರ್ ತಡವಾದರೆ
ಹನ್ನೊಂದು ಸಲ ಫೋನು ಮಾಡುವವಳು.
ತಿರುಮಲೆಯವರು ಮಾತ್ರ ಡಿಕಾಕ್ಷನ್ನಿಗೆ
ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಪಿಳ್ಳಪ್ಪ ಬೆಸ್ಕಾಂ ಲೈನ್‌ಮನ್.
ಸುಂಕದಕಟ್ಟೆಯ ಹನ್ನೆರಡು ಬೀದಿ ಅವನ ಬೆರಳ ತುದಿಯಲ್ಲಿವೆ.
ವಾರವೆಲ್ಲಾ "ಕರೆಂಟ್ ಯಾವಾಗ್ರೀ ಬರತ್ತೆ" ಅಂತ ಬೈಸಿಕೊಂಡು
ಎರಡನೇ ಶನಿವಾರ, ಕರೆಂಟೇ ಇಲ್ಲದ ಜಾಗಕ್ಕೆ
ಚಂದಾ ಕಟ್ಟಿ ಬರುತ್ತಾನೆ.
ಯಾಕಪ್ಪಾ ಅಂದರೆ,
"ಇಲ್ಲಿ ಕತ್ತಲಾದ್ರೆ ಅದು ನನ್ ತಪ್ಪಲ್ಲ."

ಊಟವಾಯಿತು. ಚಾಪೆ ಬಿದ್ದವು.
ಪೂರ್ವಕ್ಕೆ ಬೆಂಗಳೂರು. ಊರು ಕಾಣುವುದಿಲ್ಲ,
ಆಕಾಶದ ಅಂಚಿಗೆ ಅಂಟಿದ ಹಳದಿ ಅಷ್ಟೆ,
ತುಪ್ಪ ಕಾಸಿದ ಪಾತ್ರೆಯ ತಳದಂತೆ.
ಅದನ್ನು ಓದುತ್ತಾನೆ ಪಿಳ್ಳಪ್ಪ:
"ಅಗೋ ಪೀಣ್ಯ, ನೈಟ್ ಶಿಫ್ಟು. ಇದು ಮಾಗಡಿ ರೋಡು.
ಅದರ ಪಕ್ಕ ನಮ್ದು."

ಹತ್ತೂಮುಕ್ಕಾಲಿಗೆ ಎದ್ದು ಕೂತ. "ಫೀಡರ್ ಹೋಯ್ತು."
ನಮಗೆ ಏನೂ ಕಾಣಲಿಲ್ಲ.
ಫೋನು ನೋಡಿದ, ಸಿಗ್ನಲ್ ಇಲ್ಲ. ಚಪ್ಪಲಿ ಮೆಟ್ಟಿದ.
ಎಲ್ಲಿಗೆ? ಎಲ್ಲಿಗೂ ಇಲ್ಲ.
ಮೆಟ್ಟಿಕೊಂಡು ಸುಮ್ಮನೆ ನಿಂತ.
ನಾವೂ ಮಾತು ನಿಲ್ಲಿಸಿದೆವು,
ಯಾರದೋ ಮನೆಯ ಫ್ಯಾನು ತಿರುಗಲೆಂದು ಕಾಯುತ್ತಾ.
"ಈಗ ಕಂಬ ಯಾರು ಹತ್ತಿರ್ತಾರೆ?" ಅಲಮೇಲಮ್ಮ ಕೇಳಿದರು.
"ನಂಜೇಶ. ಹೊಸಬ. ಎಡಚ."
ಇಪ್ಪತ್ತೆಂಟು ನಿಮಿಷ.
ಆಮೇಲೆ ಚಪ್ಪಲಿ ಬಿಟ್ಟ.
ನಮಗೆ ಆಗಲೂ ಏನೂ ಕಾಣಲಿಲ್ಲ.

ಬೆಳಿಗ್ಗೆ ಕ್ಯಾನಿನಲ್ಲಿ ಮೂರು ಚೊಂಬು ಮಿಕ್ಕಿತ್ತು.
ಅದಕ್ಕೊಂದು ಜಗಳ, ಕೊನೆಗೆ ಎರಡನೇ ಕಾಫಿ.
ಗಾಡಿ ಹಿಂದೆ ಸರಿಸಿದೆ.
ಚಕ್ರದಡಿಯ ಕಲ್ಲಿಗೆ ಹಳದಿ ಬಣ್ಣ,
ಬಣ್ಣದ ಮೇಲೆ ಕೆಂಪಲ್ಲಿ: 114.
ಆಗ ಇಡೀ ಬಯಲು ಕಣ್ಣಿಗೆ ಬಿತ್ತು.
ಹುಲ್ಲಿನ ನಡುವೆ ಸಾಲು ಸಾಲು ಕಲ್ಲು, ಮೂವತ್ತು ನಲವತ್ತರ ಅಳತೆ.
ನಾವು ಮಲಗಿದ್ದು ಯಾರದೋ ಹಾಲಿನಲ್ಲಿ,
ಒಲೆ ಹೂಡಿದ್ದು ಕಾರು ನಿಲ್ಲುವಲ್ಲಿ,
ರಾತ್ರಿ ಸನಿಕೆ ಹಿಡಿದು ಹೋಗಿ ಬಂದ ಆ ಮೂಲೆ
(ಅಲಮೇಲಮ್ಮ ಸೆರಗು ಬಾಯಿಗಿಟ್ಟು ನಕ್ಕರು)
ಈಶಾನ್ಯ. ದೇವರಮನೆ.

ಪಿಳ್ಳಪ್ಪ ಕಲ್ಲೆತ್ತಿಕೊಂಡು ಅದರ ಗುಂಡಿ ಹುಡುಕಿದ.
ಆರು ಗಾಡಿಯ ಓಡಾಟದಲ್ಲಿ ಮುಚ್ಚಿಹೋಗಿತ್ತು.
ಹೆಜ್ಜೆ ಹಾಕಿ ಅಳೆದ, ನಿಂತ, ಮತ್ತೆ ಅಳೆದ,
ಕಲ್ಲಿಗಲ್ಲ, ಆಮೇಲೆ ಗೊತ್ತಾಯಿತು, ಕಂಬಕ್ಕೆ.
"ಇಲ್ಲೊಂದು. ಅಲ್ಲೊಂದು. ಟ್ರಾನ್ಸ್‌ಫಾರ್ಮರು ಆ ಹುಣಸೆ ಹತ್ರ."
ಹುಣಸೆಮರದ ಕಡೆ ಯಾರೂ ತಿರುಗಲಿಲ್ಲ.

ಕೊನೆಗೆ ಒಂದು ಅಂದಾಜಿಗೆ ಕಲ್ಲು ನೆಟ್ಟು
ಕಾಲಲ್ಲಿ ಮಣ್ಣು ತುಳಿದ.
ಎರಡಡಿ ಅತ್ತಿತ್ತ ಆಗಿದ್ದರೂ ಆಗಿರಬಹುದು.
ಮುಂದೆಂದಾದರೂ ಅಲ್ಲಿ ಅಕ್ಕಪಕ್ಕದವರು
ಕಾಂಪೌಂಡಿಗಾಗಿ ಕೋರ್ಟು ಹತ್ತಿದರೆ
ಕಾರಣ ನಾವು,
ಲೋಟದ ನೀರು ಚೆಲ್ಲದಿರಲಿ ಅಂತ.